ಹೆಚ್ಚಾಗೈತ್ರಿ ಸರ

ಹೋದ ತಿಂಗಳು ನಮ್ಮ ಸರ್ ನಿವೃತ್ತರಾದರು. ಅವರಿಗೊಂದು ಶುಭ ಹಾರೈಕೆಯ ಫ್ಲೆಕ್ಸ್ ಮಾಡಿಸೋಣವೆಂದು ಕುಷ್ಟಗಿಯ ಅಂಗಡಿಯೊಂದಕ್ಕೆ ಅವರ ಫೋಟೋ ಕಳಿಸಿ, ಕೆಳಗೆ ‘ನಿಮ್ಮ ಸೇವೆಯನ್ನು ನಾವೆಂದೂ ಮರೆಯೆವು’ ಎಂದು ಹಾಕಲು ಹೇಳಿದ್ದೆ. ಅಂಗಡಿಯವನು ಆ ಸಾಲು ಓದಿ ತನಗೆ ತಿಳಿದ ಹಾಗೆ ತಿಳಿದುಕೊಂಡ. ಫೋಟೋದ ಎರಡೂ ಕಡೆ ದೀಪ ಹಚ್ಚಿದ, ಮೇಲೆ ಹಾರ ಇಳಿಬಿಟ್ಟ, ಹಿಂದೆ ಬಿಳಿ ಮೋಡ ತೇಲಿಸಿದ. ಮೊದಲ ಪ್ರತಿ ಫೋನಿಗೆ ಬಂದಾಗ ನಾನು ಬೈಕಿನ ಮೇಲಿದ್ದೆ. ದೊಡ್ಡದು ಮಾಡಿ ನೋಡದೆ ನಮ್ಮ ವಾಟ್ಸಾಪ್ ಗುಂಪಿಗೆ ದಾಟಿಸಿದೆ.

ನಾನು ಯಲಬುರ್ಗಾ ಮುಟ್ಟುವಷ್ಟರಲ್ಲಿ ಗುಂಪಿನವರೆಲ್ಲ ಕೈಮುಗಿದ ಚಿತ್ರ ಹಾಕಿ ಮುಗಿಸಿದ್ದರು. ರೊಟ್ಟಿ ಸಂಘದ ಶರಣವ್ವ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಸರ್ ಅವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅತ್ತಳಂತೆ. ಕೊನೆಗೆ ಕರಾವಳಿಯಿಂದ ಸತ್ತವರದೇ ಫೋನ್ ಬಂತು.

“ಎಂತ ಮಾರಾಯ್ರೆ, ನಾನು ಹೋದದ್ದು ನಂಗೊಬ್ಬನಿಗೆ ಗೊತ್ತಿಲ್ಲ ಅಂತ ಕಾಣ್ತದೆ. ಹೆಂಡತಿ ಮೀನು ತರ್ಲಿಕ್ಕೆ ಕಳಿಸ್ತಾ ಇದ್ದಾಳೆ. ಹೋಗ್ಲಾ, ಬೇಡ್ವಾ?”

ನಾನು ಶರಣವ್ವನಿಗೆ ವಿಷಯ ತಿಳಿಸಿದೆ. ಅವಳಿಗೆ ಸಂತೋಷವಾಯಿತು, ಅಷ್ಟೇ ಸಿಟ್ಟೂ ಬಂತು.

“ಇಷ್ಟೊತ್ತು ಅತ್ತಿದ್ದು ದಂಡ ಆತಲ್ಲ ತಮ್ಮಾ,” ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, “ಸತ್ತ ಮ್ಯಾಲ ಬರದ್ರ ಅವರಿಗೆ ಓದಾಕ ಬರತೈತೇನು? ನಾಕು ಛಲೋ ಮಾತು ಬರಿಯೋದಿದ್ರ ಈಗ ಬರಿ,” ಎಂದಳು.

ಹಾಗಾಗಿ ಬರೆಯುತ್ತಿದ್ದೇನೆ. ಛಲೋ ಮಾತುಗಳೇ ಬರುತ್ತವೆ ಎಂದು ಮಾತ್ರ ಹೇಳಲಾರೆ. ಹೆಸರನ್ನೂ ಹಾಕುವುದಿಲ್ಲ. ಹಾಕಿದರೆ ಆ ಮನುಷ್ಯ ಇದನ್ನು ಊರಿಗೆಲ್ಲ ಓದಿ ಹೇಳಿ, ಕೊನೆಗೆ ನನಗೇ ಫೋನ್ ಮಾಡಿ ಅಲ್ಪಪ್ರಾಣ ಮಹಾಪ್ರಾಣದ ತಪ್ಪು ತಿದ್ದುತ್ತಾರೆ.

ಮೊದಲು ನನ್ನ ಉದ್ಯೋಗದ ಬಗ್ಗೆ ಒಂದು ಮಾತು. ಯಲಬುರ್ಗಾ ಸುತ್ತಲಿನ ಸಣ್ಣ ರೈತರು, ರೊಟ್ಟಿ ಚಟ್ನಿ ಮಾಡುವ ಹೆಂಗಸರು ಸೇರಿ ಕಟ್ಟಿಕೊಂಡ ಒಂದು ಕಂಪನಿಗೆ ನಾನು ಸಿಇಓ. ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೇ ನಮ್ಮ ಪ್ರಧಾನ ಕಚೇರಿ, ಶಾಖಾ ಕಚೇರಿ ಎಲ್ಲ. ಅಳವಂಡಿಯಲ್ಲಿರುವ ನಮ್ಮ ಅವ್ವ ಕೇಳಿದವರಿಗೆಲ್ಲ “ನನ್ನ ಮಗ ಸಿಇಟಿ ಅದಾನ” ಎಂದು ಹೇಳಿಕೊಂಡು ಬರುತ್ತಿದ್ದಳು. ಸಣ್ಣವರು ದೊಡ್ಡವರ ಎದುರು ಮಾರುಕಟ್ಟೆಯಲ್ಲಿ ಹೇಗೆ ನಿಲ್ಲಬೇಕೆಂದು ಕಲಿಸಲು ಒಂದು ಯೋಜನೆಯವರು ಸರ್ ಅವರನ್ನು ನಮ್ಮಲ್ಲಿಗೆ ಕಳಿಸಿದ್ದರು. ಕರಾವಳಿಯವರಾದ ಅವರು ಬೇಸಿಗೆಯ ಬಿಸಿಲಲ್ಲಿ ಮಳೆಗಾಲದ ದೊಡ್ಡ ಕಪ್ಪು ಕೊಡೆ ಹಿಡಿದು ಬಸ್ಸಿನಿಂದ ಇಳಿದರು. ನಮ್ಮ ಕಡೆ ಕೊಡೆ ಎಂದರೆ ಅಪರೂಪ. ಬಸ್ ನಿಲ್ದಾಣದ ಮಂದಿ ಯಾರೋ ಗುಡಿಯ ಪೂಜಾರಿ ಬಂದರೆಂದು ದಾರಿ ಬಿಟ್ಟರು.

ಅವತ್ತೇ ಶರಣವ್ವನ ಊರಿಗೆ ಕರೆದುಕೊಂಡು ಹೋದೆ. ಊಟದ ಹೊತ್ತು. ಶರಣವ್ವ ಗೌರವದಿಂದ ಒಣಗಿಸಿದ ಸಜ್ಜೆಯ ಕಟಿರೊಟ್ಟಿ ತೆಗೆದು, ಅದರ ಮೇಲೆ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಹಾಕಿ ಕೈಗಿಟ್ಟಳು. ಸರ್ ಬಹಳ ಶಿಸ್ತಾಗಿ ಪಲ್ಯ ತಿಂದರು, ಚಟ್ನಿ ತಿಂದರು, ಮೊಸರು ಬಳಿದುಕೊಂಡರು. ಆಮೇಲೆ ಕಲೆಯೂ ಉಳಿಯದ ಹಾಗೆ ಒರೆಸಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತರು.

“ಅಮ್ಮ, ಪ್ಲೇಟ್ ಎಲ್ಲಿ ತೊಳೀಬೇಕು?”

ಶರಣವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಒಳಗಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದರು.

“ಅದು ತೊಳಿಯೂದಲ್ರಿ ಸರ. ಕಡಿಯೂದು,” ಎಂದಳು ಶರಣವ್ವ.

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಮುಂದಿನ ಬಸ್ ಹಿಡಿಯುತ್ತಿದ್ದರು. ಇವರು ಮತ್ತೆ ಕೂತರು. ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಕಟಕ್ ಎಂದಿತು. ಒಂದು ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. “ಬಾರಿಸ್ತದಲ್ಲ ಇದು,” ಎಂದು ಇಡೀ ರೊಟ್ಟಿಯನ್ನು ಹೀಗೆ ಬಾರಿಸುತ್ತ ಬಾರಿಸುತ್ತ ತಿಂದು ಮುಗಿಸಿದರು. ಅಲ್ಲಿಂದ ಮುಂದೆ ಅವರು ಯಾವ ರೊಟ್ಟಿಯನ್ನೂ ಕಿವಿಗೆ ಹಿಡಿಯದೆ ಬಾಯಿಗೆ ಇಟ್ಟವರಲ್ಲ. ಪ್ಲೇಟಿನ ಕಥೆಯನ್ನು ಶರಣವ್ವ ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದಳು. ಅವಳು ಮರೆತರೆ ಸರ್ ತಾವೇ ನೆನಪಿಸಿ, ಅವಳಿಗಿಂತ ಹೆಚ್ಚು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು.

ಕೆಲಸದಲ್ಲಿ ಮಾತ್ರ ಅವರು ಭಾರೀ ಗಡಸು. ದಿನಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದರೋ ಅಷ್ಟು ಸಲ ‘ಕಾಂಪಿಟೇಶನ್’ ಎನ್ನುತ್ತಿದ್ದರು. ಮೊದಲ ಪಾಠದಲ್ಲೇ ಬೋರ್ಡಿನ ಮೇಲೆ ಎರಡು ಸುತ್ತು ಬರೆದು, ಒಂದರೊಳಗೆ ‘ನಾವು’, ಇನ್ನೊಂದರೊಳಗೆ ‘ಅವರು’ ಎಂದು ಬರೆದರು.

“ಅವರು ಅಂದ್ರ ಯಾರ್ರಿ?” ಎಂದು ಶರಣವ್ವ ಕೇಳಿದಳು.

“ಪಕ್ಕದ ಊರಿನ ರೊಟ್ಟಿ ಸಂಘದವರು. ಅವರು ನಿಮ್ಮ ಕಾಂಪಿಟಿಟರ್.”

“ನಮ್ಮ ಹುಸೇನಬಿ ಏನ್ರಿ?”

“ಹೆಸರು ಯಾವುದಾದ್ರೂ ಇರ್ಲಿ. ನಿಮ್ಮ ಚಟ್ನಿಯ ಗುಟ್ಟು ಅವರಿಗೆ ಹೇಳ್ಲಿಕ್ಕಿಲ್ಲ, ಆಯ್ತಾ?”

“ಆ ಚಟ್ನಿ ನನಗ ಕಲಿಸಿದಾಕಿನ ಆಕಿ ಅದಾಳ್ರಿ.”

ಸರ್ ‘ಅವರು’ ಎಂಬ ಸುತ್ತಿನ ಮೇಲೆ ಇನ್ನೊಂದು ಸುತ್ತು ಎಳೆದರು. ಆಮೇಲೆ “ಇನ್ನು ಮುಂದೆ ಹೇಳ್ಬೇಡಿ,” ಎಂದರು.

ಹೆಂಗಸರು ಈ ಪಾಠವನ್ನು ಮನಸ್ಸಿಟ್ಟು ಕಲಿತರು. ಆದರೆ ಕಾಂಪಿಟಿಟರ್ ಎಂಬುದು ಯಾವುದೋ ದೊಡ್ಡ ಹುದ್ದೆ ಎಂದು ತಿಳಿದರು. ಹುಸೇನಬಿ ತನ್ನ ತಂಗಿಯ ಮಗಳ ಮದುವೆಗೆ ಕರೆಯಲು ಬಂದಾಗ ಶರಣವ್ವ ಎದ್ದು ಚಾಪೆ ಹಾಸಿ, “ಬಾ ಬೇ ಕಾಂಪಿಟೇಟ್ರವ್ವ, ಚಾ ಕುಡಿ,” ಎಂದಳು. ಇಡೀ ಓಣಿ ಅವಳನ್ನು ಹಾಗೇ ಕರೆಯತೊಡಗಿತು. ಹುಸೇನಬಿಗೆ ಇದು ಏನೆಂದು ತಿಳಿಯಲಿಲ್ಲ. ಗೌರವದ ಮಾತೇ ಇರಬೇಕೆಂದು ಸುಮ್ಮನಾದಳು.

ಹೆಸರಿಡುವ ಸಭೆಯೂ ಹೀಗೇ ಆಯಿತು. ರೊಟ್ಟಿಯ ಪೊಟ್ಟಣಕ್ಕೆ ‘ಕ್ರಂಚಿ’ ಎಂದು ಹೆಸರಿಡೋಣ ಎಂದರು ಸರ್. ಹೆಂಗಸರು ಪರಸ್ಪರ ಮುಖ ನೋಡಿಕೊಂಡರು.

“ಕರಚಿಕಾಯಿ ನಾವು ಹಬ್ಬಕ್ಕಷ್ಟ ಮಾಡತೀವ್ರಿ,” ಎಂದಳು ಒಬ್ಬಳು.

ಮುಂದಿನ ಒಂದು ತಾಸು ಕರಚಿಕಾಯಿಗೆ ಬೆಲ್ಲ ಹಾಕಬೇಕೋ ಸಕ್ಕರೆ ಹಾಕಬೇಕೋ ಎಂಬುದರ ಮೇಲೆ ಚರ್ಚೆ ನಡೆಯಿತು. ಸರ್ ಸಹ ಅದರಲ್ಲಿ ಭಾಗವಹಿಸಿದರು. ಹೆಸರಿಡುವುದು ಹಾಗೇ ಉಳಿಯಿತು.

ನಗುವುದು ನಕ್ಕೆವು, ಆದರೆ ಶರಣವ್ವನಿಗೆ ಇದೆಲ್ಲ ಬರೀ ಕಾಲಕ್ಷೇಪವಾಗಿರಲಿಲ್ಲ. ನಮ್ಮದು ಮಳೆ ನೋಡಿ ಬಿತ್ತುವ ಎರೆಹೊಲದ ಸೀಮೆ. ಕಾರಟಗಿ ಕಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಊರುಗಳಿಗೆ ಟೆಂಪೊ ಬರುತ್ತದೆ. ಹೆಂಗಸರು ಗಂಟು ಕಟ್ಟಿಕೊಂಡು ಹತ್ತುತ್ತಾರೆ. ಅಲ್ಲಿ ಮಂದಿಯ ಗದ್ದೆಯ ಬದುವಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡು, ಇಡೀ ದಿನ ಕೆಸರಿನಲ್ಲಿ ಬಗ್ಗಿ, ನಾಟಿ ಮುಗಿದ ಮೇಲೆ ಸೊಂಟ ಹಿಡಿದುಕೊಂಡು ಬರುತ್ತಾರೆ. ಶರಣವ್ವ ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಸಂಘ ಯಾಕೆ ಸೇರಿದೆ ಎಂದು ಸರ್ ಎಲ್ಲರನ್ನೂ ಕೇಳಿದ ದಿನ ಉಳಿದವರು ಮಕ್ಕಳ ಓದು, ಮನೆಯ ಚಾವಣಿ ಎಂದರು. ಇವಳು, “ಈ ವರ್ಷ ನಾಟಿಗೆ ಬರಂಗಿಲ್ಲ ಅಂತ ಅನ್ನಬೇಕ್ರಿ ನಾನು. ಒಂದ್ ಸಲ ಅನ್ನಬೇಕು,” ಎಂದಳು. ಸರ್ ಅವತ್ತು ಕಾಂಪಿಟೇಶನ್ ಎನ್ನಲಿಲ್ಲ. ಬೋರ್ಡ್ ಒರೆಸಿದರು, ಅಷ್ಟೇ.

ಆಮೇಲೆ ಅವರು ಆ ಒಂದು ಮಾತಿನ ಹಿಂದೆ ಬಿದ್ದರು. ಖಾನಾವಳಿ ಖಾನಾವಳಿ ಅಲೆದರು. ನನ್ನ ಬೈಕಿನ ಹಿಂದೆ ರೊಟ್ಟಿಯ ಡಬ್ಬಿ ತಬ್ಬಿಕೊಂಡು ಕೂತು ಕೊಪ್ಪಳ, ಕುಷ್ಟಗಿ, ಗಂಗಾವತಿ ಎಲ್ಲ ತಿರುಗಿದರು. ಒಂದು ಕೈಯಲ್ಲಿ ಕೊಡೆ ಬೇರೆ. ಗಾಳಿಗೆ ಅದು ತೆರೆದುಕೊಂಡು ಬೈಕ್ ಎರಡು ಸಲ ಹೊಲ ಹೊಕ್ಕಿದ್ದುಂಟು.

ಕೊನೆಗೆ ಗಂಗಾವತಿಯ ಒಬ್ಬ ಖಾನಾವಳಿ ಸಾವುಕಾರ ಸಿಕ್ಕ. ಅವನ ಅಣ್ಣನ ಮಗನ ಮದುವೆ ಇತ್ತು. “ಮದುವಿಗೆ ಐದುನೂರು ಸಜ್ಜಿ ರೊಟ್ಟಿ ಕೊಡ್ರಿ. ಮಂದಿ ಮೆಚ್ಚಿದ್ರ ಖಾನಾವಳಿಗೆ ವರ್ಷಾವರಿ ನಿಮ್ಮದ ತಗೋತೀನಿ,” ಎಂದ. ನಾನು ಆಗ ಬೈಕಿನ ಪಂಕ್ಚರ್ ಹಾಕಿಸಲು ಹೋಗಿದ್ದೆ. ನಾನು ಅಲ್ಲಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸರ್ ಸಾವುಕಾರನ ಎದುರಿಗೇ, ಅವನಿಗೂ ಕೇಳಿಸಲಿ ಎಂದು ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಶರಣವ್ವನನ್ನು ಕರೆದರು. ಆದರೆ ಅಷ್ಟರಲ್ಲಿ ಸಾವುಕಾರ ಗಲ್ಲಾಪೆಟ್ಟಿಗೆಯ ಗಿರಾಕಿಯತ್ತ ತಿರುಗಿದ್ದ. ಎಲ್ಲ ಮುಗಿದ ಮೇಲೆ ಸರ್ ನನಗೆ ಆ ಮಾತುಕತೆಯನ್ನು ಅಕ್ಷರ ಬಿಡದೆ ಒಪ್ಪಿಸಿದರು.

“ಅಮ್ಮ, ಹಿಟ್ಟು ಉಂಟಾ?”

“ಹಿಟ್ಟು ಹೆಚ್ಚಾಗೈತ್ರಿ ಸರ.”

“ಒಳ್ಳೇದಾಯ್ತು. ಸಜ್ಜೆ ಕಾಳು?”

“ಕಾಳೂ ಹೆಚ್ಚಾಗೈತ್ರಿ.”

“ಮೇಲೆ ಹಾಕ್ಲಿಕ್ಕೆ ಎಳ್ಳು?”

“ಎಳ್ಳಂತೂ ನಿನ್ನೇನ ಹೆಚ್ಚಾತ್ರಿ.”

ಸರ್ ಎದೆಯುಬ್ಬಿಸಿ ಫೋನಿಟ್ಟು ಸಾವುಕಾರನಿಗೆ, “ಐನೂರು ಯಾಕೆ ಮಾರಾಯ್ರೆ? ಸಾವಿರ ತಗೊಳ್ಳಿ. ನಾಡಿದ್ದು ಬೆಳಗ್ಗೆ ಇಲ್ಲಿರ್ತದೆ,” ಎಂದರು. ಸಾವುಕಾರ ಒಪ್ಪಿದ. ನನಗೆ ಮಾತ್ರ ಅವರು ಅವತ್ತು ಆರ್ಡರ್ ಬಂತು ಎಂದಷ್ಟೇ ಹೇಳಿ, ಉಳಿದದ್ದು ಊರಲ್ಲಿ ಎಲ್ಲರ ಎದುರು ಹೇಳುತ್ತೇನೆಂದು ದಾರಿಯುದ್ದಕ್ಕೂ ಸೀಟಿ ಹೊಡೆಯುತ್ತ ಬಂದರು.

ಮರುದಿನ ಮುಂಜಾನೆ ಹೊಸ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಶರಣವ್ವನ ಮನೆಗೆ ಹೋದೆವು. ಸಾವಿರ ರೊಟ್ಟಿ ಎಂದು ಸರ್ ಘೋಷಿಸಿದರು. ಶರಣವ್ವ ಖುಷಿಯಿಂದ ಚಪ್ಪಾಳೆ ತಟ್ಟಿ, “ಹಂಗಾರ ಹಿಟ್ಟು ತಂದೀರೇನ್ರಿ?” ಎಂದಳು. ಸರ್ ನಕ್ಕು, ತಾವೇ ಎದ್ದು ಹೋಗಿ ಹಿಟ್ಟಿನ ದೊಡ್ಡ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಒಂದು ಬಟ್ಟಲು ಬಿಟ್ಟರೆ ಏನೂ ಇರಲಿಲ್ಲ.

“ಹೆಚ್ಚಾಗಿದೆ ಅಂದ್ರಲ್ಲ ಅಮ್ಮ?”

“ಹೌದ್ರಿ. ನೋಡ್ರಿ, ಹೆಚ್ಚಾಗೈತಿ,” ಎಂದು ಶರಣವ್ವ ಡಬ್ಬಿಯನ್ನು ಬಗ್ಗಿಸಿ ತಳ ತೋರಿಸಿದಳು.

“ಖಾಲಿ ಉಂಟಲ್ಲ!”

“ಅದನ್ನ ಹೇಳಾಕತ್ತೀನ್ರಿ ನಾನೂ.”

ಸರ್ ನನ್ನ ಕಡೆ ತಿರುಗಿದರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ನಾನು ಅವರನ್ನು ಕಟ್ಟೆಯ ಮೇಲೆ ಕೂರಿಸಿ ವಿವರಿಸಿದೆ. ನಮ್ಮ ಕಡೆ ಮನೆಯಲ್ಲಿ ಕಾಳು ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆ ಅಂದರೆ ಲಕ್ಷ್ಮಿಗೆ ಕೇಳಿಸುತ್ತದಂತೆ. ಅದಕ್ಕೇ ಮುಗಿದದ್ದಕ್ಕೆ ಹೆಚ್ಚಾಯಿತು ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಾಯಿತು ಎಂದೇ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಸರ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಎಳ್ಳು ಸಹ?”

“ಎಳ್ಳು ಸಹ.”

ಶರಣವ್ವ ನನ್ನನ್ನು ಬಾಗಿಲ ಮರೆಗೆ ಕರೆದು, ತನಗೆ ಮೆಲ್ಲಗೆ ಎನಿಸಿದ ದನಿಯಲ್ಲಿ, “ಕೇಳದ ಮಾಡದ ಸಾವಿರ ಒಪ್ಕೊಂಡು ಬಂದಾರಲ್ಲ ತಮ್ಮಾ, ಬುದ್ಧಿ ಹೆಚ್ಚಾಗೈತೇನು ಇವರಿಗೆ?” ಎಂದಳು.

“ಥ್ಯಾಂಕ್ಸ್ ಅಮ್ಮ,” ಎಂದರು ಸರ್ ಕಟ್ಟೆಯಿಂದಲೇ, ದುಃಖದಿಂದ. “ಆದ್ರೆ ಈಗ ಅದ್ರಿಂದ ಪ್ರಯೋಜನ ಎಂತದೂ ಇಲ್ಲ.”

ಸಂತೆಗೆ ಇನ್ನೂ ದಿನವಿತ್ತು. ಯಲಬುರ್ಗಾದ ಅಂಗಡಿಗಳಲ್ಲಿ ವಿಚಾರಿಸಿದೆ, ಸಜ್ಜೆ ಸಿಗಲಿಲ್ಲ. ಸರ್ ಕೊಡೆ ಬಿಚ್ಚಿಕೊಂಡು, ಒಂದು ದೊಡ್ಡ ಪಾತ್ರೆ ಹಿಡಿದು ಮನೆ ಮನೆಗೆ ಹೊರಟರು. ಆಮೇಲೆ ಆ ಹೆಂಗಸರೇ ನನಗೆ ಹೇಳಿ ನಕ್ಕದ್ದು ಇದು. ಯಾರ ಮನೆಯಲ್ಲಿ ಹೆಚ್ಚಾಗೈತಿ ಎಂದರೂ ಸರ್ ಸಂತಾಪ ಸೂಚಿಸುವವರ ಹಾಗೆ ತಲೆಬಾಗಿ, “ಪರವಾಗಿಲ್ಲಮ್ಮ, ಧೈರ್ಯ ತಗೊಳ್ಳಿ,” ಎಂದು ಮುಂದೆ ಹೋಗುತ್ತಿದ್ದರಂತೆ.

ಊರು ಮುಗಿಯಿತು. ಆಗ ಅವರು, ತಾವೇ ಬೋರ್ಡಿನ ಮೇಲೆ ಸುತ್ತು ಹಾಕಿದ ಪಕ್ಕದ ಊರಿಗೆ, ನಾಚಿಕೆ ಬಿಟ್ಟು ನಡೆದುಕೊಂಡೇ ಹೋದರು. ಮಧ್ಯಾಹ್ನದ ಹೊತ್ತಿಗೆ ಖಾಲಿ ಪಾತ್ರೆ ಹಿಡಿದು ವಾಪಸ್ ಬಂದರು.

“ಹುಸೇನಬಿ ಏನಂದ್ಲ್ರಿ?” ಎಂದು ಶರಣವ್ವ ಕೇಳಿದಳು.

“ಪಾಪ, ಅವರ ಸ್ಥಿತಿ ನಮಗಿಂತ ಕಷ್ಟ,” ಎಂದರು ಸರ್. “ಬೇಕಾದಷ್ಟು ಐತಿ ಅಂದ್ರು.”

ನಾನೂ ಶರಣವ್ವನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಬೇಕಾದಷ್ಟು ಐತಿ ಎಂದರೆ ನಮ್ಮಲ್ಲಿಯೂ ಬೇಕಾದಷ್ಟು ಇದೆ ಎಂದೇ ಅರ್ಥ. ಸರ್ ಮಾತ್ರ ಬೆಳಗ್ಗೆ ಕಲಿತ ಹೊಸ ಪಾಠದಂತೆ ಅದನ್ನೂ ತಿರುಗಿಸಿ ಓದಿದ್ದರು. ನಾನು ಫೋನ್ ತೆಗೆಯುವ ಮೊದಲೇ ಓಣಿಯಲ್ಲಿ ಒಂದು ಟಂಟಂ ಆಟೋ ಬಂದು ನಿಂತಿತು. ಹಿಟ್ಟಿನ ಎರಡು ಚೀಲಗಳ ಮೇಲೆ ಹುಸೇನಬಿ ಕೂತಿದ್ದಳು. ಹಿಂದೆ ಅವಳ ಸಂಘದ ಹೆಂಗಸರು ತಮ್ಮ ತಮ್ಮ ಹಂಚು ಹಿಡಿದಿದ್ದರು.

“ಏನ್ ಶರಣವ್ವಕ್ಕ, ನಿಮ್ಮ ಸರ್ ನನ್ನ ಮ್ಯಾಲ ಸಿಟ್ಟಾಗ್ಯಾರೇನು?” ಎಂದಳು. “ಹಿಟ್ಟು ಬೇಕಾದಷ್ಟು ಐತ್ರಿ ಅಂದೆ. ‘ದೇವರು ದೊಡ್ಡವನಮ್ಮ’ ಅಂತ ನನಗ ಸಮಾಧಾನ ಮಾಡಿ ತಿರುಗಿ ಹೋಗಿಬಿಟ್ರು.”

ಆ ಮಧ್ಯಾಹ್ನದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅಂಗಳದ ತುಂಬ ಒಲೆ. ಹಿಟ್ಟು ನಾದುವ ಮರದ ಕೊಣಮಿಗೆಯ ಎದುರು ಕೂತು ಎರಡೂ ಊರಿನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಸರ್ ಅವರಿಗೆ ಯಾವ ಕೆಲಸವೂ ಬಾರದ್ದರಿಂದ ಮಾಳಿಗೆಯ ಮೇಲೆ ಒಣಗಲು ಹಾಕಿದ ರೊಟ್ಟಿಗೆ ಅವರನ್ನು ಕಾವಲಿಟ್ಟರು. ಅವರು ಕೊಡೆ ಬೀಸಿ ಮೆಟ್ಟಿಲು ಹತ್ತಿ ಬರುವ ಆಡುಗಳನ್ನು ಓಡಿಸುತ್ತ, ನಡುನಡುವೆ ಒಂದೊಂದು ರೊಟ್ಟಿ ಕಿವಿಗೆ ಹಿಡಿದು ಮುರಿಯುತ್ತ ಸಂಜೆಯವರೆಗೂ ನಿಂತರು. ಆಡುಗಳಿಗಿಂತ ಅವರೇ ಹೆಚ್ಚು ತಿಂದರೆಂಬುದು ಹುಸೇನಬಿಯ ಅಭಿಪ್ರಾಯ.

ರೊಟ್ಟಿ ಸರಿಯಾದ ಹೊತ್ತಿಗೆ ಗಂಗಾವತಿ ಮುಟ್ಟಿತು. ಮದುವೆ ಮುಗಿದ ಮೇಲೆ ಸಾವುಕಾರ ನಮ್ಮನ್ನು ಕರೆಸಿದ. ಸರ್, ನಾನು, ಶರಣವ್ವ ಹೋದೆವು. ಶರಣವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸಾವುಕಾರ ಉಳಿದ ರೊಟ್ಟಿಗಳಲ್ಲಿ ಎರಡು ತರದವನ್ನು ಮೇಜಿನ ಮೇಲಿಟ್ಟ. ಒಂದು ಸ್ವಲ್ಪ ದಪ್ಪ. ಇನ್ನೊಂದು ಹಪ್ಪಳದಷ್ಟು ತೆಳುವು.

“ಇದನ್ನ ಮಂದಿ ಬಿಟ್ಟಾರ. ಇದನ್ನ ಬಡಿದಾಡಿ ತಿಂದಾರ,” ಎಂದು ತೆಳುವಾದದ್ದನ್ನು ಎತ್ತಿದ. “ವರ್ಷಾವರಿ ಇದ ಬೇಕು ನನಗ. ಯಾರ ಕೈಯಿಂದು ಇದು?”

ತೆಳುವಾದದ್ದು ಹುಸೇನಬಿಯವರದು. ಶರಣವ್ವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಪೆಟ್ಟಿಗೆಯ ಮೇಲೆ ಇದ್ದದ್ದು ಮಾತ್ರ ನಮ್ಮ ಸಂಘದ ಹೆಸರು. ಸರ್ ಸುಮ್ಮನಿದ್ದಿದ್ದರೂ ಸಾಕಿತ್ತು. ನಾನು ಅವರ ಕಾಲು ಸಹ ತುಳಿದೆ. ಅವರು ಆ ತೆಳುವಾದ ರೊಟ್ಟಿಯನ್ನು ಕಿವಿಗೆ ಹಿಡಿದು ಮುರಿದು, ಒಂದು ಕಣ್ಣು ಮುಚ್ಚಿ, “ಇದು ಪಕ್ಕದ ಊರಿನವರದ್ದು. ಹುಸೇನಬಿ ಅಂತ. ಅವರ ನಂಬರ್ ಕೊಡ್ತೇನೆ,” ಎಂದರು. ಆಮೇಲೆ ನನಗೆ, “ಕಾಲು ಯಾಕೆ ತುಳೀತೀರಿ ನೀವು?” ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಶರಣವ್ವ ಕಿಟಕಿಯಾಚೆ ನೋಡುತ್ತಲೇ ಕೂತಿದ್ದಳು. ಹೊರಗೆ ನೀರು ಕಾಯುತ್ತಿದ್ದ ಗದ್ದೆಗಳು. ಕನಕಗಿರಿ ದಾಟಿದ ಮೇಲೆ ಬಾಯಿ ತೆರೆದಳು.

“ನಮ್ಮದ ಅಂದಿದ್ರ ಏನಾಗತಿತ್ರಿ ಸರ?”

“ಮುಂದಿನ ವಾರ ನೀವು ದಪ್ಪದ್ದು ಕಳಿಸ್ತಿದ್ರಿ. ಅದರ ಮುಂದಿನ ವಾರ ಅವನು ಯಾರದ್ದೂ ತಗೊಳ್ತಿರ್ಲಿಲ್ಲ.” ಸರ್ ಕೊಡೆಯ ಹಿಡಿಯನ್ನು ತಿರುವಿದರು. “ನಿಮ್ಮ ರೊಟ್ಟಿ ದಪ್ಪ ಅಮ್ಮ. ನಂಗೆ ಮೊದಲೇ ಗೊತ್ತಿತ್ತು, ಸದ್ದು ಸರಿ ಬರ್ತಿರ್ಲಿಲ್ಲ. ಹೇಳ್ಲಿಕ್ಕೆ ಹೆದರಿದೆ.”

“ಯಾಕ ಹೆದರಿದ್ರಿ?”

“ನಿಮ್ಮ ಕೈಯಲ್ಲಿ ಲಟ್ಟಣಿಗೆ ಇರ್ತದಲ್ಲ.”

“ರೊಟ್ಟಿಗೆ ಲಟ್ಟಣಿಗಿ ಎಲ್ಲಿಂದ ಬರ್ತೈತ್ರಿ? ಕೈಲೆ ಬಡೀತೀವಿ.”

“ಮತ್ತೂ ಹೆದರಿಕೆ,” ಎಂದರು ಸರ್.

ಶರಣವ್ವ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಆ ಕ್ಷಣ ನನಗೆ ಸರ್ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ನಾಟಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಹುಸೇನಬಿಗೆ ಸಾವುಕಾರನ ಫೋನ್ ಹೋಯಿತು. ಅವಳ ಸಂಘದವರಷ್ಟೇ ಸೇರಿ ಪೂರೈಸಲಾರದಷ್ಟು ದೊಡ್ಡ ಬೇಡಿಕೆ ಅದು. ಅವಳು ಟಂಟಂ ಹತ್ತಿ ನೇರ ನಮ್ಮ ಕಚೇರಿಗೆ ಬಂದಳು. “ಶರಣವ್ವಕ್ಕ ತೆಳ್ಳಗ ಬಡಿಯಾಕ ಕಲ್ತ್ರ ಅರ್ಧ ಆಕಿದು, ಅರ್ಧ ನಂದು. ಕಲಿಸಾಕ ನಾ ಬರ್ತೀನಿ. ಆದ್ರ ನಮಗ ಪೆಟಿಗಿ ಕಟ್ಟೂದು, ಗಿರಾಕಿ ಕೂಡ ಮಾತಾಡೂದು ಬರಂಗಿಲ್ಲ. ನಿಮ್ಮ ಸರ್ ನಮಗೂ ಪಾಠ ಹೇಳಬೇಕು,” ಎಂದಳು. ಸರ್ ಉತ್ಸಾಹದಿಂದ ಎದ್ದು ಬೋರ್ಡಿನ ಕಡೆ ನಡೆದರು. ಆ ಎರಡು ಸುತ್ತುಗಳನ್ನು ಮತ್ತೆ ಬರೆದು, ‘ನಾವು’ ಎಂಬ ಸುತ್ತನ್ನು ದೊಡ್ಡದು ಮಾಡಿದರು. ‘ಅವರು’ ಎಂಬ ಸುತ್ತಿನ ಮುಂದೆ ಬಹಳ ಹೊತ್ತು ಯೋಚಿಸಿ, ಅದರೊಳಗೆ ‘ಬಿಸ್ಕತ್ತು’ ಎಂದು ಬರೆದರು. ಅವತ್ತಿನಿಂದ ಎರಡೂ ಊರಿನ ಹೆಂಗಸರು ಬಿಸ್ಕತ್ತನ್ನು ಹಗೆಯಂತೆ ನೋಡುತ್ತಾರೆ. ಚಹಾದಲ್ಲಿ ಅದ್ದಿ ತಿನ್ನುವುದನ್ನು ಮಾತ್ರ ಬಿಟ್ಟಿಲ್ಲ.

ಕಲಿಯುವುದು ಸುಲಭವಾಗಲಿಲ್ಲ. ಹುಟ್ಟಿದಾಗಿನಿಂದ ಬಡಿದು ಪಳಗಿದ ಕೈಗೆ ಹೊಸ ಲಯ ಹಿಡಿಸುವುದು ಎಂದರೆ ಜಗಳವೇ. ತೆಳುವು ಮಾಡಲು ಹೋದರೆ ಶರಣವ್ವನ ರೊಟ್ಟಿ ಹರಿಯುತ್ತಿತ್ತು. ಹರಿದಾಗಲೆಲ್ಲ ಅವಳು ಹುಸೇನಬಿಯನ್ನು ಬಯ್ಯುತ್ತಿದ್ದಳು, ಹುಸೇನಬಿ ಹಿಟ್ಟನ್ನು ಬಯ್ಯುತ್ತಿದ್ದಳು, ಇಬ್ಬರೂ ಸೇರಿ ಸರ್ ಅವರನ್ನು ಬಯ್ಯುತ್ತಿದ್ದರು. ಹರಿದದ್ದನ್ನೆಲ್ಲ ತಿನ್ನುವ ಜವಾಬ್ದಾರಿ ಅವರದೇ. ಒಂದು ದಿನ ಹುಸೇನಬಿ ಎರಡು ರೊಟ್ಟಿ ಅವರ ಮುಂದಿಟ್ಟು, “ಯಾರದು ಯಾವುದು ಹೇಳ್ರಿ,” ಎಂದಳು. ಸರ್ ಒಂದನ್ನು ಈ ಕಿವಿಗೆ, ಇನ್ನೊಂದನ್ನು ಆ ಕಿವಿಗೆ ಹಿಡಿದು ಮುರಿದರು. ಎರಡೂ ಕಣ್ಣು ಮುಚ್ಚಿದರು. “ಗೊತ್ತಾಗ್ಲಿಲ್ಲ. ಇನ್ನೆರಡು ಕೊಡಿ,” ಎಂದರು. ಶರಣವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟೆಲ್ಲ ಅವತ್ತೇ ಇಳಿಯಿತು. ಅವರನ್ನು ನಾನು ತುಂಬ ಪ್ರೀತಿಸುತ್ತೇನೆ ಎಂದು ಇಲ್ಲಿ ಬರೆದುಬಿಡುತ್ತೇನೆ, ಎದುರಿಗೆ ಹೇಳಲು ನನ್ನಿಂದಾಗದು.

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತು. ಖಾನಾವಳಿಗೆ ಮೊದಲ ಕಂತಿನ ರೊಟ್ಟಿ ಕಳಿಸುವ ದಿನ ನಾನೂ ಸರ್ ಅವರೂ ಬೆಳಕು ಹರಿಯುವಾಗಲೇ ಊರಲ್ಲಿದ್ದೆವು. ಅಂಗಳದಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆವು. ಆಗ ಓಣಿಯ ಬಾಯಿಗೆ ಕಾರಟಗಿಯ ಟೆಂಪೊ ಬಂದು ಹಾರ್ನ್ ಹೊಡೆಯಿತು.

“ಯಾರ್ಯಾರ ಬರ್ತೀರವ್ವ? ನಾಟಿ ಚಾಲೂ ಆಗೈತಿ,” ಎಂದು ಡ್ರೈವರ್ ಕೂಗಿದ.

ಶರಣವ್ವ ಎದ್ದು ನಿಂತಳು. ಅಂಗಳದಲ್ಲಿ ಎಲ್ಲರ ಕೈಗಳು ನಿಂತವು. ಅವಳು ಸೀರೆ ಸರಿ ಮಾಡಿಕೊಂಡು, ಓಣಿಯ ತುದಿಗೆ ಕೇಳಿಸುವ ಹಾಗೆ ಹೇಳಿದಳು.

“ಈ ವರ್ಷ ನಾ ನಾಟಿಗೆ ಬರಂಗಿಲ್ಲಪ.”

“ನೀನೂ ಬರಂಗಿಲ್ಲೇನು? ಆಚಿ ಊರಾಗ ಹುಸೇನಬಿ ಮಂದಿನೂ ಒಲ್ಲೆ ಅಂದಾರ. ನಾ ಏನ್ ಖಾಲಿ ಗಾಡಿ ಹೊಡಕೊಂಡು ಹೋಗ್ಲೇನು?” ಎಂದು ಡ್ರೈವರ್ ಗೊಣಗಿದ.

ಸರ್ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಓಡಿದರು. “ಖಾಲಿ ಯಾಕೆ ಮಾರಾಯ್ರೆ? ಗಂಗಾವತಿ ಮೇಲೇ ಹೋಗ್ತೀರಲ್ಲ, ಈ ಪೆಟ್ಟಿಗೆ ಹಾಕ್ಕೊಳ್ಳಿ.”

ಡ್ರೈವರ್ ತಲೆ ಕೆರೆದುಕೊಂಡು ಒಪ್ಪಿದ. ಹೆಂಗಸರು ತಾವು ವರ್ಷ ವರ್ಷ ನಿಂತು ಹೋಗುತ್ತಿದ್ದ ಜಾಗದಲ್ಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಿದರು. ಶರಣವ್ವ ಮನೆಯೊಳಗಿನಿಂದ ಎರಡು ಕೌದಿ ತಂದು, ಒಂದನ್ನು ಕೆಳಗೆ ಹಾಸಿದಳು, ಒಂದನ್ನು ಮೇಲೆ ಹೊದಿಸಿದಳು. ಗಾಡಿ ಶುರುವಾದ ಮೇಲೆ ಹೋಗಿ ಡ್ರೈವರಿನ ಕಿಟಕಿ ಬಡಿದಳು.

“ನಿಧಾನ ಹೊಡಿಯಪ,” ಎಂದಳು. “ನಮ್ಮನ್ನ ಒಯ್ದಂಗ ಒಯ್ಯಬ್ಯಾಡ.”